ನಮ್ಮ ಮೊದಲ ಎಂಪಿ ಶ್ರೀನಿವಾಸ ಮಲ್ಯ: ಓಟಿನ ಲೆಕ್ಕ ಒಂದು, ಕೆಲಸದ ಲೆಕ್ಕ ಇನ್ನೊಂದು

ಕುಂದಾಪುರ: ಈಗಿನ ಸಂಸದರ ಲೆಕ್ಕ ಮೊಬೈಲ್‌ನಲ್ಲೇ ಸಿಗುತ್ತದೆ. ಎಷ್ಟು ದಿನ ಸದನಕ್ಕೆ ಹೋದರು, ಎಷ್ಟು ಪ್ರಶ್ನೆ ಕೇಳಿದರು, ಎಷ್ಟು ಚರ್ಚೆಯಲ್ಲಿ ಮಾತಾಡಿದರು, ಎಲ್ಲದಕ್ಕೂ ಅಂಕಿ ಇದೆ. ಆದರೆ ನಮ್ಮ ಭಾಗದಿಂದ ಲೋಕಸಭೆಗೆ ಮೊದಲು ಹೋದ ಉಳ್ಳಾಲ ಶ್ರೀನಿವಾಸ ಮಲ್ಯರನ್ನು ಈ ಲೆಕ್ಕದಲ್ಲಿ ತೂಗಲಿಕ್ಕೆ ಆಗುವುದಿಲ್ಲ.

ಮಲ್ಯರು ಹುಟ್ಟಿದ್ದು 1902ರ ನವೆಂಬರ್ 21ರಂದು. ಮಂಗಳೂರಿನವರು. ಗಾಂಧೀಜಿ ಕರೆ ಕೊಟ್ಟಾಗ ಓದು ಅರ್ಧಕ್ಕೇ ಬಿಟ್ಟು ಚಳವಳಿಗೆ ಇಳಿದರು, ಜೈಲಿಗೂ ಹೋದರು. ಮುಂದೆ ಮದ್ರಾಸ್ ಪ್ರಾಂತ್ಯದಿಂದ ಸಂವಿಧಾನ ಸಭೆಗೆ ಸದಸ್ಯರಾದರು. ಡಿಗ್ರಿ ಮುಗಿಸದ ಈ ಮನುಷ್ಯ ದೇಶದ ಸಂವಿಧಾನ ಬರೆದ ಸಭೆಯಲ್ಲಿ ಕೂತಿದ್ದರು ಎಂಬುದು ನಮ್ಮ ಎಷ್ಟೋ ಹುಡುಗರಿಗೆ ಗೊತ್ತೇ ಇಲ್ಲ.

1952ರ ಮೊದಲ ಚುನಾವಣೆಯಲ್ಲಿ ಅವರು ಗೆದ್ದದ್ದು ದಕ್ಷಿಣ ಕನ್ನಡ ಉತ್ತರ ಕ್ಷೇತ್ರದಿಂದ. ಆಗ ನಾವು ಮದ್ರಾಸ್ ರಾಜ್ಯದಲ್ಲಿದ್ದೆವು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಸೇರಿದೆವು. 1957ರಲ್ಲಿ ಕ್ಷೇತ್ರದ ಹೆಸರು ಉಡುಪಿ ಎಂದಾಯಿತು, ಎಂಪಿ ಮಾತ್ರ ಮಲ್ಯರೇ. 1962ರಲ್ಲೂ ಅವರೇ. ಕಾಂಗ್ರೆಸ್ಸಿನ ಪ್ರಧಾನ ಕಾರ್ಯದರ್ಶಿಯಾಗಿ ದುಡಿದಿದ್ದರು, ನೆಹರೂಗೆ ಹತ್ತಿರದವರಾಗಿದ್ದರು. ಆದರೂ ಮಂತ್ರಿಯಾಗಲಿಲ್ಲ.

ಹಾಗಾದರೆ ಸದನದಲ್ಲಿ ಅವರ ಓಟು ಎತ್ತ ಬಿತ್ತು? ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ಲೋಕಸಭೆಯಲ್ಲಿ ಹೆಚ್ಚಿನ ಮಸೂದೆಗಳು ಪಾಸಾಗುವುದು ಧ್ವನಿಮತದಿಂದ. ಹೌದು ಎನ್ನುವವರು ಹೌದು ಎನ್ನುತ್ತಾರೆ, ಬೇಡ ಎನ್ನುವವರು ಬೇಡ ಎನ್ನುತ್ತಾರೆ, ಸ್ಪೀಕರ್ ತೀರ್ಮಾನ ಹೇಳುತ್ತಾರೆ. ಯಾರ ಹೆಸರೂ ದಾಖಲಾಗುವುದಿಲ್ಲ. ಮತ ವಿಭಜನೆ ಆದರೆ ಮಾತ್ರ ಹೆಸರು ಉಳಿಯುತ್ತದೆ. ಸಂವಿಧಾನ ತಿದ್ದುಪಡಿಗೆ ಅದು ಬೇಕೇ ಬೇಕು. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲಂತೂ ಪಕ್ಷದ ವಿಪ್ ಮೀರಿ ಓಟು ಹಾಕಿದರೆ ಸೀಟೇ ಹೋಗಬಹುದು. ಹಾಗಾಗಿ ಎಂಪಿಯ ಓಟು ನೋಡಿದರೆ ಪಕ್ಷದ ನಿಲುವು ಗೊತ್ತಾಗುತ್ತದೆ, ಊರಿಗೆ ಅವರು ಏನು ಮಾಡಿದರು ಎನ್ನುವುದು ಗೊತ್ತಾಗುವುದಿಲ್ಲ.

ಮಲ್ಯರದ್ದು ಗೊತ್ತಾಗುವುದು ನೆಲದ ಮೇಲೆ. 1951ರ ಡಿಸೆಂಬರ್ 25ರಂದು ಬಜ್ಪೆಯಲ್ಲಿ ವಿಮಾನ ನಿಲ್ದಾಣ ಶುರುವಾಯಿತು, ನೆಹರೂ ಅವರೇ ಬಂದಿಳಿದರು. 1960ರಲ್ಲಿ ಸುರತ್ಕಲ್‌ನಲ್ಲಿ ಕೆಆರ್‌ಇಸಿ ಬಂತು, ಅದೇ ಇವತ್ತಿನ ಎನ್‌ಐಟಿಕೆ. ಆ ಜಾಗದ ಹೆಸರು ಈಗಲೂ ಶ್ರೀನಿವಾಸನಗರ. ಪಣಂಬೂರಿನ ನವಮಂಗಳೂರು ಬಂದರಿನ ಕೆಲಸ ಅವರ ಕಾಲದಲ್ಲಿ ಆರಂಭವಾಯಿತು. ಅದು ಉದ್ಘಾಟನೆಯಾದದ್ದು 1975ರಲ್ಲಿ. ನೋಡಲಿಕ್ಕೆ ಮಲ್ಯರಿರಲಿಲ್ಲ, 1965ರ ಡಿಸೆಂಬರ್ 19ರಂದೇ ತೀರಿಕೊಂಡಿದ್ದರು.

ಇಲ್ಲಿ ನಮ್ಮವರು ಒಂದು ಪ್ರಶ್ನೆ ಕೇಳಬಹುದು, ಕೇಳಲೇಬೇಕು. ಓಟು ಕೊಟ್ಟವರಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರದವರೂ ಇದ್ದರು. ಆದರೆ ವಿಮಾನ ನಿಲ್ದಾಣ, ಕಾಲೇಜು, ಬಂದರು ಮೂರೂ ಹೆಜಮಾಡಿಯ ಆಚೆ ಹೋದವು. ನಮಗೆ ಬಂದದ್ದೇನು?

ಬಂದದ್ದು ರಸ್ತೆ. ಪಶ್ಚಿಮ ಕರಾವಳಿ ರಸ್ತೆಗಾಗಿ ದೆಹಲಿಯಲ್ಲಿ ಬೆನ್ನು ಬಿಡದೆ ಓಡಾಡಿದವರು ಮಲ್ಯ. ಅದೇ ಮುಂದೆ ಎನ್‌ಎಚ್ 17, ಈಗ 66. ಇದರ ಬೆಲೆ ತಿಳಿಯಬೇಕಾದರೆ ಹಳೇ ಅಂಗಡಿಯವರನ್ನು ಕೇಳಬೇಕು. ಕಲ್ಯಾಣಪುರದ ಸುವರ್ಣಾ, ಮಾಬುಕಳದ ಸೀತಾ, ಕುಂದಾಪುರದ ಪಂಚಗಂಗಾವಳಿ, ಹೀಗೆ ಹೆಜ್ಜೆ ಹೆಜ್ಜೆಗೂ ಹೊಳೆ. ಸೇತುವೆ ಇಲ್ಲದ ಕಾಲದಲ್ಲಿ ದೋಣಿಯೇ ಗತಿ. ಹಂಚು, ಅಕ್ಕಿ, ತೆಂಗಿನಕಾಯಿ ಸಮುದ್ರದಲ್ಲಿ ಮಂಜಿಯ ಮೇಲೆ ಹೋಗಬೇಕು, ಮಳೆಗಾಲ ಬಂತೆಂದರೆ ಅದೂ ಬಂದ್. ಲಾರಿ ನೇರ ಅಂಗಡಿ ಬಾಗಿಲಿಗೆ ಬಂದು ನಿಲ್ಲುವ ಹಾಗಾದದ್ದು ರಸ್ತೆ, ಸೇತುವೆ ಆದ ಮೇಲೆ.

ಮಲ್ಯರ ನಂತರ 1967ರಲ್ಲಿ ಉಡುಪಿ ಕ್ಷೇತ್ರ ಕಾಂಗ್ರೆಸ್ಸಿನ ಕೈ ತಪ್ಪಿತು, ಸ್ವತಂತ್ರ ಪಕ್ಷದ ಜೆ.ಎಂ. ಲೋಬೊ ಪ್ರಭು ಗೆದ್ದರು. ಮಾಡಿದ ಕೆಲಸವೂ ಪಕ್ಷಕ್ಕೆ ಕಾಯಂ ಓಟು ತರುವುದಿಲ್ಲ ಎಂದು ನಮ್ಮ ಜನ ಆಗಲೇ ತೋರಿಸಿದ್ದರು.

2009ರ ಚುನಾವಣೆಯಿಂದ ಬೈಂದೂರು ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲಿದೆ. ಕುಂದಾಪುರ, ಬ್ರಹ್ಮಾವರ ಉಡುಪಿ-ಚಿಕ್ಕಮಗಳೂರಿನಲ್ಲಿವೆ. ಹೆದ್ದಾರಿ ಒಂದೇ, ಎಂಪಿಗಳು ಇಬ್ಬರು. ಶಾಸ್ತ್ರಿ ಸರ್ಕಲ್ ಫ್ಲೈಓವರ್ ವರ್ಷಗಟ್ಟಲೆ ಕುಂಟಿದ್ದನ್ನು ನಾವೆಲ್ಲ ಕಂಡಿದ್ದೇವೆ, ಸರ್ವಿಸ್ ರಸ್ತೆಯ ಕೂಗು ಇನ್ನೂ ನಿಂತಿಲ್ಲ. ಮುಂದಿನ ಸಲ ಓಟು ಕೇಳಲು ಬಂದವರ ಹತ್ತಿರ ಹಾಜರಿಯ ಶೇಕಡಾವಾರು ಕೇಳಿ, ತಪ್ಪಲ್ಲ. ಜೊತೆಗೆ ಈ ರಸ್ತೆಗಾಗಿ ಯಾವ ಕಚೇರಿಯ ಮೆಟ್ಟಿಲು ಹತ್ತಿದ್ದೀರಿ ಎಂದೂ ಕೇಳಿ.