ಪುರಸಭೆಯ ಮೆಟ್ಟಿಲಿನಿಂದ

ನಿಮ್ಮ ಬೀದಿಯ ಚರಂಡಿ ಕಟ್ಟಿಕೊಂಡಾಗ, ನಲ್ಲಿಯಲ್ಲಿ ನೀರು ಬಾರದಿದ್ದಾಗ ನೀವು ಯಾರ ಬಳಿ ಹೋಗುತ್ತೀರಿ? ನಮ್ಮಲ್ಲಿ ಅನೇಕರಿಗೆ ವಾರ್ಡಿನ ಸದಸ್ಯರ ಹೆಸರೂ ಗೊತ್ತಿರುವುದಿಲ್ಲ. ಓದಿದ ಮಗ ಪುರಸಭೆಯ ಚುನಾವಣೆಗೆ ನಿಲ್ಲುತ್ತೇನೆಂದರೆ, ಆ ರಗಳೆ ನಿನಗೇಕೆ ಎಂದು ಮನೆಯವರೇ ತಡೆಯುತ್ತಾರೆ. ಆದರೆ ರಾಷ್ಟ್ರಪತಿ ಭವನದವರೆಗೆ ಹೋದ ಒಬ್ಬ ಕನ್ನಡಿಗರ ಸಾರ್ವಜನಿಕ ಜೀವನ ಆರಂಭವಾದದ್ದು ಸಣ್ಣ ಊರೊಂದರ ಪುರಸಭೆಯಲ್ಲಿ. ಅವರೇ ಬಸಪ್ಪ ದಾನಪ್ಪ ಜತ್ತಿ.

ಜತ್ತಿಯವರು 1912ರ ಸೆಪ್ಟೆಂಬರ್ 10ರಂದು ಜಮಖಂಡಿ ತಾಲೂಕಿನ ಸವಳಗಿಯಲ್ಲಿ ಹುಟ್ಟಿದರು. ತಂದೆಯದು ಕಿರಾಣಿ ಅಂಗಡಿ. ಅಂತಹ ಮನೆಯಲ್ಲಿ ಮಗ ಅಂಗಡಿಯ ಗಲ್ಲೆಯ ಮೇಲೆ ಕೂತರೆ ಸಾಕು ಎನ್ನುವುದೇ ವಾಡಿಕೆ. ಅವರು ಮನೆಯ ತಾಪತ್ರಯಗಳ ನಡುವೆಯೇ ಬಿಜಾಪುರದಲ್ಲಿ ಪ್ರೌಢಶಾಲೆ ಮುಗಿಸಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಕಾನೂನು ಪದವಿ ಪಡೆದು ಜಮಖಂಡಿಗೆ ಮರಳಿ ವಕೀಲಿ ಹಿಡಿದರು.

ಆಗಿನ ಆ ಸೀಮೆಯನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಗೆ ಸೇರಿತ್ತು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದರೆ, ಅದರ ಮಗ್ಗುಲಿನ ಬನಹಟ್ಟಿ ಜಮಖಂಡಿಗೆ ಸೇರಿತ್ತು. ಎರಡೂ ಊರುಗಳಲ್ಲಿ ಕೇಳುತ್ತಿದ್ದುದು ಅದೇ ಮಗ್ಗದ ಸದ್ದು. ಅರಸರು ಮಾತ್ರ ಬೇರೆ ಬೇರೆ. ಇಂತಹ ಕಡೆ ಸಾಮಾನ್ಯ ಜನರಿಗೆ ಅರ್ಜಿ ಹಿಡಿದು ಕಾಯುವುದು ಗೊತ್ತಿತ್ತು. ಊರಿನ ಆಡಳಿತ ತಮ್ಮದೇ ಕೆಲಸ ಎಂಬ ಭಾವನೆ ಇನ್ನೂ ಬೆಳೆಯಬೇಕಾಗಿತ್ತು.

ಜತ್ತಿಯವರು 1940ರಲ್ಲಿ ಜಮಖಂಡಿ ಪುರಸಭೆಗೆ ಆಯ್ಕೆಯಾದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. 1945ರಲ್ಲಿ ಅಧ್ಯಕ್ಷರಾದರು. ಪುರಸಭೆಯ ಕೆಲಸವೆಂದರೆ ನಿಮಗೆ ಗೊತ್ತೇ ಇದೆ: ನೀರು, ಬೀದಿ, ಕಸ, ಕಂದಾಯ. ಹೆಸರು ತರುವ ಕೆಲಸವಲ್ಲ. ಬೈಗುಳ ಮಾತ್ರ ಧಾರಾಳವಾಗಿ ಸಿಗುತ್ತದೆ! ಮುಂದೆ ಸಂಸ್ಥಾನದ ಶಾಸನಸಭೆಗೆ ಹೋದರು, ಮಂತ್ರಿಯಾದರು, 1948ರಲ್ಲಿ ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿಯೂ ಆದರು. ಆಗ ವಯಸ್ಸು ಮೂವತ್ತೈದು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ದೇಶ ಸ್ವತಂತ್ರವಾಗಿತ್ತು. ಸಂಸ್ಥಾನ ಉಳಿದರೆ ಜತ್ತಿಯವರ ಕುರ್ಚಿಯೂ ಉಳಿಯುತ್ತದೆ. ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದರೆ ಆ ಕುರ್ಚಿಯೇ ಇಲ್ಲವಾಗುತ್ತದೆ. ಅವರು ವಿಲೀನದ ಪರವಾಗಿ ನಿಂತರು. 1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತ್ಯದೊಂದಿಗೆ ಸೇರಿತು. ನಿನ್ನೆಯವರೆಗೆ ಮುಖ್ಯಮಂತ್ರಿಯಾಗಿದ್ದವರು ಮತ್ತೆ ಕರಿ ಕೋಟು ತೊಟ್ಟು ವಕೀಲಿಗೆ ಮರಳಿದರು. ಅದೂ ಒಂದೆರಡು ವಾರವಲ್ಲ, ಸುಮಾರು ಇಪ್ಪತ್ತು ತಿಂಗಳು. ಸ್ವಂತ ದುಡಿಮೆಯೊಂದು ಕೈಯಲ್ಲಿದ್ದುದರಿಂದಲೇ ಅಧಿಕಾರ ಬಿಡುವುದು ಅವರಿಗೆ ಅಷ್ಟು ಕಷ್ಟವಾಗಲಿಲ್ಲ ಎಂದು ನನಗನಿಸುತ್ತದೆ. ಬೇರೆ ಜೀವನೋಪಾಯವಿಲ್ಲದೆ ರಾಜಕೀಯಕ್ಕೆ ಇಳಿಯುವ ತರುಣರ ತಂದೆತಾಯಿ ಇದನ್ನು ಗಮನಿಸಬೇಕು.

ಆನಂತರ ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನೇಮಕಗೊಂಡರು. ಒಂದು ವಾರದೊಳಗೆ ಮುಖ್ಯಮಂತ್ರಿ ಬಿ.ಜಿ. ಖೇರ್ ಅವರ ಸಂಸದೀಯ ಕಾರ್ಯದರ್ಶಿಯಾದರು. 1956ರಲ್ಲಿ ಕನ್ನಡ ನಾಡು ಒಂದಾದ ಮೇಲೆ ಭೂಸುಧಾರಣಾ ಸಮಿತಿಯ ಅಧ್ಯಕ್ಷತೆ ಅವರ ಪಾಲಿಗೆ ಬಂತು. ಗೇಣಿದಾರರ ಹಕ್ಕುಗಳ ಬಗ್ಗೆ ಆ ಸಮಿತಿ ಕೊಟ್ಟ ವರದಿಯೇ 1961ರ ಮೈಸೂರು ಭೂಸುಧಾರಣಾ ಕಾಯ್ದೆಗೆ ತಳಹದಿ. 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದರು. ಗ್ರಾಮ ಪಂಚಾಯಿತಿ ಮತ್ತು ತಾಲೂಕು ಬೋರ್ಡುಗಳಿಗೆ ಇಡೀ ರಾಜ್ಯದಲ್ಲಿ ಒಂದೇ ರೂಪ ಕೊಟ್ಟ 1959ರ ಕಾಯ್ದೆ ಬಂದದ್ದು ಅವರ ಕಾಲದಲ್ಲಿಯೇ. ಪುರಸಭೆಯ ಬೈಗುಳ ತಿಂದವರಿಗೆ ಅದರ ಬೆಲೆ ತಿಳಿದಿರಲೇಬೇಕು.

ಮುಂದಿನದು ನಿಮಗೆ ತಿಳಿದದ್ದೇ. ಪಾಂಡಿಚೇರಿ, ಒರಿಸ್ಸಾ, 1974ರಲ್ಲಿ ಉಪರಾಷ್ಟ್ರಪತಿ ಪದವಿ. 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದ್ ನಿಧನರಾದಾಗ ಹಂಗಾಮಿ ರಾಷ್ಟ್ರಪತಿಯಾಗಿ ಜುಲೈ 25ರವರೆಗೆ ಇದ್ದರು. ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದ್ದು ಇವರೇ. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಸಲಹೆಗೆ ಸಹಿ ಹಾಕಲು ಹಿಂದೆಮುಂದೆ ನೋಡಿ ಟೀಕೆಗೂ ಗುರಿಯಾದರು.

2002ರ ಜೂನ್ 7ರಂದು ಅವರು ತೀರಿಕೊಂಡರು. ಅಂದು ಇಬ್ಬರು ಅರಸರಿಗೆ ಹಂಚಿಹೋಗಿದ್ದ ರಬಕವಿ, ಬನಹಟ್ಟಿಗಳಿಗೆ ಇಂದು ಒಂದೇ ನಗರಸಭೆ. ಅದರ ಸದಸ್ಯರನ್ನು ಆರಿಸುವವರು ಆ ಮಗ್ಗದ ಮನೆಗಳವರೇ.