ಬೆಂಕಿ ಬೀಳೋ ಮೊದಲೇ ಕೆಲಸ ಶುರು ಮಾಡಿದ ನಾಯಕ: ಜೇಮ್ಸ್ ಬ್ರೈಡ್‌ವುಡ್

ಪೀಣ್ಯದ ಫ್ಯಾಕ್ಟರಿಗೆ ಇಂಟರ್ನ್‌ಶಿಪ್‌ಗೆ ಹೋಗಿರಲಿ, ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಗೆ ಇಂಟರ್‌ವ್ಯೂಗೆ ಹೋಗಿರಲಿ, ನಾವೆಲ್ಲ ಒಮ್ಮೆಯಾದರೂ ನೋಡಿರೋ ದೃಶ್ಯ ಇದು: ಟ್ರಾಫಿಕ್ ಮಧ್ಯೆ ಸಿಕ್ಕಿಕೊಂಡು ಸೈರನ್ ಕೂಗುತ್ತಿರುವ ಫೈರ್ ಇಂಜಿನ್. ಅದರಲ್ಲಿ ಕೂತ ಸ್ಟೇಷನ್ ಆಫೀಸರ್ ಇನ್ನು ಕೆಲವೇ ನಿಮಿಷಗಳಲ್ಲಿ ಯಾರನ್ನು ಒಳಗೆ ಕಳಿಸಬೇಕು, ಯಾರನ್ನು ಹೊರಗೇ ನಿಲ್ಲಿಸಬೇಕು ಅಂತ ತೀರ್ಮಾನಿಸಬೇಕು. ಅದು ತಪ್ಪಾದರೆ ಹೋಗೋದು ಅವರದೇ ಹುಡುಗರ ಜೀವ. ಈ ಕೆಲಸ ಬರೀ ಧೈರ್ಯದ್ದಲ್ಲ, ಕಲಿತು ಮಾಡಬೇಕಾದ್ದು ಅಂತ ತೋರಿಸಿಕೊಟ್ಟ ಮೊದಲಿಗರಲ್ಲಿ ಒಬ್ಬರು ಜೇಮ್ಸ್ ಬ್ರೈಡ್‌ವುಡ್.

ಹುಟ್ಟಿದ್ದು 1800ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಂದೆ ಮರಗೆಲಸ ಮತ್ತು ಕಟ್ಟಡದ ಕೆಲಸ ಮಾಡಿಸುತ್ತಿದ್ದವರು. ಹಾಗಾಗಿ ತೊಲೆ, ಗೋಡೆ, ಮಹಡಿಗಳ ಲೆಕ್ಕ ಮಗನಿಗೆ ಚಿಕ್ಕಂದಿನಿಂದಲೇ ಗೊತ್ತಿತ್ತು. 1824ರಲ್ಲಿ ನಗರದವರು ಅಗ್ನಿಶಾಮಕ ಪಡೆ ಕಟ್ಟಿ ಅದರ ಮುಖ್ಯಸ್ಥನ ಕೆಲಸವನ್ನು ಇವರಿಗೆ ಕೊಟ್ಟರು. ಆಗ ವಯಸ್ಸು 24, ನಮ್ಮ ಸೀನಿಯರ್‌ಗಳಷ್ಟೇ!

ಕೆಲಸಕ್ಕೆ ಸೇರಿ ಕೆಲವೇ ವಾರಗಳಲ್ಲಿ, ಆ ವರ್ಷದ ನವೆಂಬರ್‌ನಲ್ಲಿ, ಎಡಿನ್‌ಬರೋ ಹೊತ್ತಿ ಉರಿಯಿತು. ಪಡೆಗೆ ಇನ್ನೂ ತರಬೇತಿಯೇ ಆಗಿರಲಿಲ್ಲ. ಸಾಲದ್ದಕ್ಕೆ ಮ್ಯಾಜಿಸ್ಟ್ರೇಟರು, ಪೊಲೀಸರು, ಊರಿನ ದೊಡ್ಡ ಮನುಷ್ಯರು ಅಂತ ಬಂದವರೆಲ್ಲ ಆರ್ಡರ್ ಕೊಡೋರೇ. ಒಬ್ಬರು ಇಲ್ಲಿ ನೀರು ಬಿಡಿ ಅಂದರೆ ಇನ್ನೊಬ್ಬರು ಅಲ್ಲಿ ಬಿಡಿ ಅನ್ನೋರು. ನಾಲ್ಕು ಜನರ ಫೈನಲ್ ಇಯರ್ ಪ್ರಾಜೆಕ್ಟಿಗೆ ನಾಲ್ಕೂ ಜನ ಲೀಡರ್ ಆದರೆ ಏನಾಗುತ್ತೆ ಅಂತ ನಮಗೆ ಗೊತ್ತೇ ಇದೆ. ಇಲ್ಲಿ ಮಾತ್ರ ಊರೇ ಸುಟ್ಟುಹೋಗುತ್ತಿತ್ತು. ದಿನಗಟ್ಟಲೆ ಉರಿದ ಆ ಬೆಂಕಿ ಒಂದು ಪಾಠ ಕಲಿಸಿತು. ಬೆಂಕಿಯ ಜಾಗದಲ್ಲಿ ಆಜ್ಞೆ ಕೊಡೋದು ಒಬ್ಬರೇ, ಅದು ಪಡೆಯ ಮುಖ್ಯಸ್ಥ. ಎಷ್ಟೇ ದೊಡ್ಡವರಾಗಿರಲಿ, ಉಳಿದವರು ಬದಿಗೆ ಸರಿಯಬೇಕು.

ಅಧಿಕಾರ ಸಿಕ್ಕಿತು ಅಂತ ಬ್ರೈಡ್‌ವುಡ್ ಸುಮ್ಮನೆ ಕೂರಲಿಲ್ಲ. ಪಡೆಗೆ ಆರಿಸಿಕೊಂಡಿದ್ದು ಗಾರೆಯವರು, ಬಡಗಿಗಳು, ಹೆಂಚು ಹೊದಿಸುವವರು, ಪ್ಲಂಬರ್‌ಗಳನ್ನು. ಚಾವಣಿ ಮೇಲೆ ನಡೆದು ಅಭ್ಯಾಸ ಇರೋರಿಗೆ ಚಾವಣಿ ಕೆಲಸ, ನೀರಿನ ಪೈಪು ಗೊತ್ತಿರೋರಿಗೆ ನೀರಿನ ಕೆಲಸ. ಬೆಳಗಿನ ಜಾವ, ಊರು ಏಳೋ ಮೊದಲೇ ಡ್ರಿಲ್. ಗಲಾಟೆಯಲ್ಲಿ ಮಾತು ಕೇಳಿಸದಿದ್ದರೆ ಅಂತ ಸೀಟಿಯ ಸಂಕೇತಗಳನ್ನೂ ಕಲಿಸಿದರು. ಅಲ್ಲಿಯವರೆಗೆ ಬೀದಿಯಲ್ಲೇ ನಿಂತು ಹೊಗೆಗೆ ನೀರು ಹೊಡೆಯೋದು ರೂಢಿಯಾಗಿತ್ತು. ಇವರು ಹಾಗೆ ಬಿಡದೆ, ನೆಲಕ್ಕೆ ಹತ್ತಿರವಾಗಿ ತೆವಳಿಕೊಂಡು ಹೋಗಿ ಬೆಂಕಿಯ ಬುಡಕ್ಕೇ ನೀರು ಬಿಡಲು ಕಲಿಸಿದರು. ನೆಲದ ಹತ್ತಿರ ಉಸಿರಾಡೋಕೆ ಗಾಳಿ ಇರುತ್ತೆ ಅನ್ನೋದು ಅದರ ಹಿಂದಿನ ಲೆಕ್ಕ. 1830ರಲ್ಲಿ ಇದನ್ನೆಲ್ಲ ಒಂದು ಪುಸ್ತಕವಾಗಿ ಬರೆದರು.

ಲಂಡನ್‌ನಲ್ಲಿ ಆಗ ಬೆಂಕಿ ಆರಿಸೋ ಪಡೆಗಳಿದ್ದದ್ದು ವಿಮಾ ಕಂಪನಿಗಳ ಕೈಯಲ್ಲಿ. 1833ರಲ್ಲಿ ಹತ್ತು ಕಂಪನಿಗಳು ಒಟ್ಟಾಗಿ ಒಂದೇ ಪಡೆ ಮಾಡಿಕೊಂಡು ಬ್ರೈಡ್‌ವುಡ್‌ರನ್ನು ಕರೆಸಿಕೊಂಡವು. ಅಷ್ಟು ದೊಡ್ಡ ನಗರಕ್ಕೆ 80 ಜನ, 13 ಠಾಣೆ. ಅಷ್ಟರಲ್ಲೇ ನಿಭಾಯಿಸಬೇಕಿತ್ತು. ಉರಿಯೋ ಕಟ್ಟಡದೊಳಗೆ ಯಾರೂ ಒಬ್ಬರೇ ಹೋಗಬಾರದು, ಜೊತೆಗೊಬ್ಬರು ಇರಲೇಬೇಕು ಅನ್ನೋದು ಅವರ ಕಟ್ಟುನಿಟ್ಟು. 1834ರಲ್ಲಿ ಪಾರ್ಲಿಮೆಂಟ್ ಭವನ ಸುಟ್ಟಾಗ ಪುರಾತನ ವೆಸ್ಟ್‌ಮಿನ್‌ಸ್ಟರ್ ಹಾಲ್ ಉಳಿಯಿತು. ಅದಕ್ಕಾಗಿ ಹೋರಾಡಿದವರಲ್ಲಿ ಅವರ ಪಡೆಯೂ ಇತ್ತು.

ಸಿವಿಲ್, ಮೆಕ್ಯಾನಿಕಲ್ ಗೆಳೆಯರು ಈಗ ಹೇಳೋದನ್ನು ಗಮನವಿಟ್ಟು ಓದಬೇಕು. ಆ ಕಾಲದಲ್ಲಿ ಎರಕದ ಕಬ್ಬಿಣದ ಕಂಬ, ತೊಲೆ ಹಾಕಿದ ಗೋದಾಮುಗಳನ್ನು ಬೆಂಕಿ ತಾಗದ ಕಟ್ಟಡ ಅಂತ ಮಾರುತ್ತಿದ್ದರು. ಬ್ರೈಡ್‌ವುಡ್ ಒಪ್ಪಲಿಲ್ಲ. ಕಬ್ಬಿಣ ಕಾದರೆ ಬಲ ಕಳೆದುಕೊಳ್ಳುತ್ತೆ, ಕಾದದ್ದರ ಮೇಲೆ ತಣ್ಣೀರು ಬಿದ್ದರೆ ಸಿಡಿಯುತ್ತೆ. 1849ರಲ್ಲಿ ಲಂಡನ್‌ನ ಸಿವಿಲ್ ಇಂಜಿನಿಯರ್‌ಗಳ ಸಂಸ್ಥೆಯ ಮುಂದೆ ಈ ಬಗ್ಗೆ ಪ್ರಬಂಧವನ್ನೇ ಮಂಡಿಸಿದರು. ಅಂಥ ಕಟ್ಟಡದೊಳಗೆ ತಮ್ಮವರನ್ನು ಕಳಿಸಲು ಹಿಂಜರಿಯುತ್ತಿದ್ದರು. ಒಳಗೆ ಹೋಗಿ ಅಂತ ಹೇಳೋಕೆ ಎಷ್ಟು ಧೈರ್ಯ ಬೇಕೋ, ಹೋಗಬೇಡಿ ಅಂತ ಹೇಳೋಕೂ ಅಷ್ಟೇ ಬೇಕು.

ಥೇಮ್ಸ್ ನದಿ ದಂಡೆಯಲ್ಲಿ ಸಾಲಾಗಿದ್ದ ದೊಡ್ಡ ಗೋದಾಮುಗಳ ಬಗ್ಗೆ ಅವರು ಮೊದಲೇ ಎಚ್ಚರಿಸಿದ್ದರು. 1861ರ ಜೂನ್ 22ರಂದು ಟೂಲಿ ಸ್ಟ್ರೀಟ್‌ನ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಇದ್ದದ್ದು ಹತ್ತಿ, ಸೆಣಬು, ಸಕ್ಕರೆ, ಕೊಬ್ಬು. ಬೆಂಕಿ ಹರಡದಂತೆ ತಡೆಯಬೇಕಿದ್ದ ಕಬ್ಬಿಣದ ಬಾಗಿಲುಗಳು ತೆರೆದೇ ಇದ್ದವು. ಗಂಟೆಗಟ್ಟಲೆ ಹೋರಾಡಿ ಸುಸ್ತಾದ ತಮ್ಮವರಿಗೆ ಬ್ರೈಡ್‌ವುಡ್ ದಣಿವಾರಿಸಿಕೊಳ್ಳಲು ಬ್ರಾಂದಿ ಹಂಚುತ್ತಿದ್ದಾಗ ಗೋಡೆ ಕುಸಿದು ಮೇಲೆ ಬಿತ್ತು. ದೇಹವನ್ನು ಹೊರತೆಗೆಯಲು ದಿನಗಳೇ ಬೇಕಾದವು. ಬೆಂಕಿ ಸುಮಾರು ಎರಡು ವಾರ ಉರಿಯಿತು. ಶವಯಾತ್ರೆ ಒಂದೂವರೆ ಮೈಲಿ ಉದ್ದ ಇತ್ತು. ಈ ನಷ್ಟದ ನಂತರ ವಿಮಾ ಕಂಪನಿಗಳು ಇನ್ನು ನಮ್ಮಿಂದಾಗದು ಅಂತ ಕೈಚೆಲ್ಲಿದವು. 1865ರಲ್ಲಿ ಕಾನೂನು ಬಂದು ಬೆಂಕಿ ಆರಿಸೋದು ಸಾರ್ವಜನಿಕ ಸೇವೆಯಾಯಿತು.

ಇದೆಲ್ಲ ದೂರದ, ಹಳೆಯ ಕಥೆ ಅನ್ನಿಸಬಹುದು. ಆದರೆ ಪೀಣ್ಯದ ಶೆಡ್‌ಗಳ ಉಕ್ಕಿನ ಕಂಬಗಳೂ 600 ಡಿಗ್ರಿ ಸೆಲ್ಸಿಯಸ್ ಹತ್ತಿರ ಸುಮಾರು ಅರ್ಧ ಬಲ ಕಳೆದುಕೊಳ್ಳುತ್ತವೆ. ಗಾಳಿ ಬರಲಿ ಅಂತ ಫೈರ್ ಡೋರ್‌ಗೆ ಇಟ್ಟಿಗೆ ಇಡೋರು, ಎಮರ್ಜೆನ್ಸಿ ಮೆಟ್ಟಿಲಲ್ಲಿ ರಟ್ಟಿನ ಡಬ್ಬ ಪೇರಿಸೋರು ಇವತ್ತಿಗೂ ಇದ್ದಾರೆ. 2010ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿಗೆ 9 ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಇದ್ದರು. ನಾಳೆ ಅಂಥ ಕಟ್ಟಡಗಳ ಡ್ರಾಯಿಂಗ್ ಮಾಡೋರು, ಅಲ್ಲಿ ಕೂತು ಕೋಡ್ ಬರೆಯೋರು ನಾವೇ. ಸ್ಟೇಷನ್ ಆಫೀಸರ್ ತಮ್ಮ ಹುಡುಗರನ್ನು ಒಳಗೆ ಕಳಿಸುವಾಗ ನಮ್ಮ ಕೆಲಸವನ್ನೂ ನಂಬಿರುತ್ತಾರೆ.

1944ರ ಏಪ್ರಿಲ್ 14ರಂದು ಮುಂಬೈ ಬಂದರಿನ ಸ್ಫೋಟದಲ್ಲಿ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರ ನೆನಪಿಗೆ ದೇಶದಲ್ಲಿ ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತೆ. ಈ ಸಲ ಆ ವಾರದಲ್ಲಿ ಹತ್ತಿರದ ಠಾಣೆಗೆ ಒಮ್ಮೆ ಹೋಗಿ ಬರೋಣ. ಡ್ರಿಲ್ ನೋಡಿ, ಅಲ್ಲಿನ ಆಫೀಸರ್ ಹತ್ತಿರ ಕೂತು ಮಾತಾಡೋಣ. ಹೋಗೋ ಮೊದಲು ನಮ್ಮ ಹಾಸ್ಟೆಲ್ ಮೆಟ್ಟಿಲಲ್ಲಿರೋ ಡಬ್ಬಗಳನ್ನು ತೆಗೆಸಿದರೆ ಇನ್ನೂ ಒಳ್ಳೇದು.