ಹಾರ್ಮೋನುಗಳ ಬೆನ್ನು ಹತ್ತಿದ ವಿಜ್ಞಾನಿ ಚೋ ಹಾವ್ ಲೀ

ನಮ್ಮ ಊರಿನ ಕಡೆ ಯಾರಿಗಾದರೂ ಸಕ್ಕರೆ ಕಾಯಿಲೆ ಬಂತೆಂದರೆ, ಟೆನ್ಷನ್ ಮಾಡಿಕೊಂಡೇ ಬಂತು ಎಂದು ಮನೆಯ ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ಇಲ್ಲಿ ಬೇ ಏರಿಯಾದಲ್ಲಿಯೂ ಮಕ್ಕಳನ್ನು ತರಗತಿಗೆ ಬಿಡಲು ಬರುವ ತಂದೆ ತಾಯಂದಿರ ಮಾತಿನಲ್ಲಿ ಕೆಲಸದ ಒತ್ತಡ, ಶುಗರ್ ಟೆಸ್ಟ್ ಎರಡೂ ಜೊತೆಜೊತೆಯಾಗಿ ಬರುವುದನ್ನು ನಾವು ಕೇಳುತ್ತಿರುತ್ತೇವೆ. ಮನಸ್ಸಿನ ಚಿಂತೆಗೂ ರಕ್ತದಲ್ಲಿರುವ ಸಕ್ಕರೆಗೂ ಏನು ಸಂಬಂಧ? ಈ ಸಂಬಂಧದ ಒಂದು ಮುಖ್ಯ ಕೊಂಡಿಯನ್ನು ಹುಡುಕಿಕೊಟ್ಟವರಲ್ಲಿ ಒಬ್ಬರು ನಮ್ಮ ಪಕ್ಕದ ಬರ್ಕ್ಲಿಯಲ್ಲೇ ಬಾಳಿ ಬದುಕಿದವರು. ಅವರ ಹೆಸರು ಚೋ ಹಾವ್ ಲೀ.

ಲೀ ಅವರು 1913ರ ಏಪ್ರಿಲ್ 21ರಂದು ದಕ್ಷಿಣ ಚೀನಾದ ಕ್ಯಾಂಟನ್ ನಗರದಲ್ಲಿ, ಹನ್ನೊಂದು ಮಕ್ಕಳ ದೊಡ್ಡ ಕುಟುಂಬದಲ್ಲಿ ಜನಿಸಿದರು. ನಾನ್ಕಿಂಗ್ ವಿಶ್ವವಿದ್ಯಾನಿಲಯದಲ್ಲಿ 1933ರಲ್ಲಿ ರಸಾಯನಶಾಸ್ತ್ರದ ಪದವಿ ಪಡೆದು, ಅಲ್ಲಿಯೇ ಎರಡು ವರ್ಷ ಪಾಠ ಹೇಳಿದರು. 1935ರಲ್ಲಿ ಅಮೇರಿಕಾಕ್ಕೆ ಹೊರಟಾಗ ಅವರಿಗೆ ಸೀಟು ಸಿಕ್ಕಿದ್ದುದು ಮಿಷಿಗನ್‌ನಲ್ಲಿ. ಅಣ್ಣ ಚೋ ಮಿಂಗ್ ಲೀ ಬರ್ಕ್ಲಿಯಲ್ಲಿ ಅರ್ಥಶಾಸ್ತ್ರ ಓದುತ್ತಿದ್ದುದರಿಂದ ಅವರನ್ನು ನೋಡಿ ಹೋಗೋಣವೆಂದು ಇಲ್ಲಿ ಇಳಿದವರು ಇಲ್ಲಿಯೇ ಉಳಿದರು. (ಈ ಅಣ್ಣನವರೂ ಸಾಮಾನ್ಯರಲ್ಲ, ಮುಂದೆ ಹಾಂಗ್‌ಕಾಂಗ್‌ನ ಚೀನೀ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾದರು.) ಆದರೆ ನಾನ್ಕಿಂಗ್‌ನ ಪದವಿಯನ್ನು ಬರ್ಕ್ಲಿಯವರು ಮೊದಲು ಒಪ್ಪಲಿಲ್ಲ. ಲೀ ತಮ್ಮ ಪ್ರಕಟವಾದ ಒಂದು ಸಂಶೋಧನಾ ಲೇಖನವನ್ನು ತೋರಿಸಿದ ಮೇಲೆ, ಪ್ರಸಿದ್ಧ ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಲೂಯಿಸ್ ಅವರನ್ನು ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. ಊರಿನ ಸರ್ಟಿಫಿಕೇಟು ಹಿಡಿದು ಇಲ್ಲಿಗೆ ಬಂದ ನಮ್ಮಲ್ಲಿ ಅನೇಕರಿಗೆ ಈ ಪ್ರಸಂಗ ಹೊಸದೆನಿಸಲಾರದು.

1938ರಲ್ಲಿ ಪಿಎಚ್.ಡಿ. ಮುಗಿಸಿದ ಲೀ ಅವರು ಹರ್ಬರ್ಟ್ ಇವಾನ್ಸ್ ಅವರ ಸಂಸ್ಥೆಗೆ ಸೇರಿದರು. ಇವಾನ್ಸ್ ಎಂದರೆ 1922ರಲ್ಲಿ ವಿಟಮಿನ್ ಇ ಕಂಡುಹಿಡಿದವರಲ್ಲಿ ಒಬ್ಬರು. ಮಿದುಳಿನ ಕೆಳಗೆ ಕಡಲೆಕಾಳಿನಷ್ಟು ಚಿಕ್ಕದಾದ ಪಿಟ್ಯೂಟರಿ ಎಂಬ ಗ್ರಂಥಿಯಿದೆ. ಅದು ರಕ್ತಕ್ಕೆ ಬಿಡುವ ಹಾರ್ಮೋನುಗಳನ್ನು ಒಂದೊಂದಾಗಿ ಶುದ್ಧವಾಗಿ ಬೇರ್ಪಡಿಸುವುದೇ ಲೀ ಅವರ ಕೆಲಸವಾಯಿತು. ಕುರಿಗಳ ಪಿಟ್ಯೂಟರಿಯನ್ನು ರಾಶಿರಾಶಿಯಾಗಿ ತಂದು, ಅರೆದು, ಸೋಸಿ, ಉಪ್ಪಿನ ದ್ರಾವಣದಲ್ಲಿ ಇಳಿಸಿದರೆ ಕೊನೆಗೆ ಉಳಿಯುವುದು ಚಿಟಿಕೆಯಷ್ಟು ಪುಡಿ.

1943ರಲ್ಲಿ ಲೀ, ಇವಾನ್ಸ್ ಮತ್ತು ಮಿರಿಯಂ ಸಿಂಪ್ಸನ್ ಎಸಿಟಿಎಚ್ ಎಂಬ ಹಾರ್ಮೋನನ್ನು ಬೇರ್ಪಡಿಸಿದರು. ಅದೇ ವರ್ಷ ಯೇಲ್ ವಿಶ್ವವಿದ್ಯಾನಿಲಯದ ತಂಡವೂ ಇದನ್ನು ಸಾಧಿಸಿತ್ತು. ಕೀರ್ತಿ ಇಬ್ಬರಿಗೂ ಸೇರಬೇಕು. ಇನ್ನೊಂದು ವಿಷಯವನ್ನೂ ಇಲ್ಲಿ ಹೇಳಬೇಕು. 1882ರಿಂದ ಚೀನೀಯರ ವಲಸೆಯನ್ನು ತಡೆದಿದ್ದ, ಅವರಿಗೆ ಪೌರತ್ವ ನಿರಾಕರಿಸಿದ್ದ ಕಾನೂನು ರದ್ದಾದದ್ದು 1943ರ ಡಿಸೆಂಬರಿನಲ್ಲಿ. ಲೀ ತಮ್ಮ ಈ ಸಂಶೋಧನೆ ಮಾಡುತ್ತಿದ್ದಾಗ ಈ ದೇಶದ ಪೌರರಾಗಲು ಅವರಿಗೆ ದಾರಿಯೇ ಇರಲಿಲ್ಲ. ನಮ್ಮ ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ.

ಮಕ್ಕಳೇ, ಈ ಎಸಿಟಿಎಚ್ ಏನು ಮಾಡುತ್ತದೆ ಗೊತ್ತೆ? ಪರೀಕ್ಷೆಯ ಭಯವಾಗಲಿ, ನಾಯಿ ಅಟ್ಟಿಸಿಕೊಂಡು ಬರಲಿ, ಮಿದುಳು ಪಿಟ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಪಿಟ್ಯೂಟರಿ ಎಸಿಟಿಎಚ್ ಎಂಬ ಓಲೆಯನ್ನು ರಕ್ತದಲ್ಲಿ ಕಳಿಸುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಆ ಓಲೆಯನ್ನು ಓದಿ ಕಾರ್ಟಿಸಾಲ್ ಹೊರಬಿಡುತ್ತವೆ. ಓಡಲು, ಹೋರಾಡಲು ಶಕ್ತಿ ಬೇಕಲ್ಲವೆ? ಅದಕ್ಕಾಗಿ ಕಾರ್ಟಿಸಾಲ್ ಪಿತ್ತಜನಕಾಂಗದಿಂದ ಹೆಚ್ಚು ಸಕ್ಕರೆ ತಯಾರಿಸಿಸುತ್ತದೆ. ಸ್ನಾಯುಗಳು ಇನ್ಸುಲಿನ್ ಮಾತನ್ನು ಅಷ್ಟಾಗಿ ಕೇಳದಂತೆ ಮಾಡುತ್ತದೆ. ನಾಯಿ ಹೋದ ಮೇಲೆ ಎಲ್ಲವೂ ಶಾಂತವಾಗುತ್ತದೆ. ನಾಯಿ ಹೋಗದೆ ವರ್ಷಗಟ್ಟಲೆ ಬಾಗಿಲಲ್ಲೇ ನಿಂತರೆ? ಪಿಟ್ಯೂಟರಿಯ ಗಡ್ಡೆಯಿಂದ ಎಸಿಟಿಎಚ್ ಅತಿಯಾಗುವ ಕುಷಿಂಗ್ ರೋಗದಲ್ಲಿ ಅನೇಕರಿಗೆ ಮಧುಮೇಹ ಬರುತ್ತದೆ, ಇದು ಖಚಿತ. ದಿನನಿತ್ಯದ ಒತ್ತಡದ ವಿಷಯ ಅಷ್ಟು ಸರಳವಲ್ಲ. ನಿದ್ದೆಗೇಡು, ಊಟದ ಹೊತ್ತುಗೆಟ್ಟಿತನ, ಕುಳಿತೇ ಇರುವುದು, ವಂಶದ ಗುಣ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ನಮ್ಮ ಭಾರತ ಮೂಲದವರಿಗಂತೂ ತೂಕ ಹೆಚ್ಚಿಲ್ಲದಿದ್ದರೂ, ಚಿಕ್ಕ ವಯಸ್ಸಿನಲ್ಲೇ ಮಧುಮೇಹ ಬರುವುದುಂಟು. ಆದ್ದರಿಂದ ಹಿರಿಯರ ಆ ತೀರ್ಪನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ.

ಲೀ ಅಲ್ಲಿಗೇ ನಿಲ್ಲಲಿಲ್ಲ. 1950ರಲ್ಲಿ ಅವರಿಗಾಗಿ ಹಾರ್ಮೋನು ಸಂಶೋಧನಾ ಪ್ರಯೋಗಾಲಯ ಸ್ಥಾಪನೆಯಾಯಿತು. ಎಸಿಟಿಎಚ್ ಎಂಬುದು 39 ಅಮೈನೋ ಆಮ್ಲಗಳನ್ನು ಹೂಮಾಲೆಯಂತೆ ಪೋಣಿಸಿದ ಸರ. ಯಾವ ಹೂವಿನ ಪಕ್ಕ ಯಾವ ಹೂವು ಎಂಬುದನ್ನು ಅವರ ತಂಡ 1950ರ ದಶಕದ ಮಧ್ಯದಲ್ಲಿ ಬಿಡಿಸಿತು. 1962ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು, ನೊಬೆಲ್ ಬರಲಿಲ್ಲ. 1967ರಲ್ಲಿ ಪ್ರಯೋಗಾಲಯ ಸ್ಯಾನ್ ಫ್ರಾನ್ಸಿಸ್ಕೋಗೆ ಬಂತು. ಮಾನವ ಬೆಳವಣಿಗೆಯ ಹಾರ್ಮೋನಿನ ಸರವನ್ನು ಬರೆದಾಗ ಅವರಿಂದಲೂ ತಪ್ಪಾಯಿತು. 1971ರಲ್ಲಿ ಬೇರೆಯವರು ಅದನ್ನು ತೋರಿಸಿದರು, ಸರ ತಿದ್ದಲ್ಪಟ್ಟಿತು. ದೊಡ್ಡವರ ನೋಟ್‌ಬುಕ್ಕಿನಲ್ಲೂ ಕೆಂಪು ಗೆರೆ ಬೀಳುತ್ತದೆ ಎಂದು ಮೇಷ್ಟರಾದ ನಮಗೆ ಇದನ್ನು ಓದಿ ಸ್ವಲ್ಪ ಸಮಾಧಾನವೇ ಆಯಿತು! 1976ರಲ್ಲಿ ಒಂಟೆಯ ಪಿಟ್ಯೂಟರಿಯಿಂದ ನೋವು ಮರೆಸುವ ಬೀಟಾ ಎಂಡಾರ್ಫಿನ್ ಬೇರ್ಪಡಿಸಿದವರೂ ಅವರೇ.

ಅವರ ಪ್ರಯೋಗಾಲಯದಲ್ಲಿ ಎಸಿಟಿಎಚ್ ಮೇಲೆ ಕೆಲಸ ಮಾಡಿದ ಜಾನಕಿರಾಮನ್ ರಾಮಚಂದ್ರನ್ ಮುಂದೆ ಬೆಂಗಳೂರಿಗೆ ಹೋಗಿ ಆಸ್ಟ್ರಾ ಸಂಶೋಧನಾ ಕೇಂದ್ರವನ್ನು ಮುನ್ನಡೆಸಿದರು. ಲೀ ಅವರು 1987ರ ನವೆಂಬರ್ 28ರಂದು ಬರ್ಕ್ಲಿಯಲ್ಲಿ ನಿಧನರಾದರು.

ಇಂದು ವೈದ್ಯರು ಬೇಕೆಂದರೆ ಎಸಿಟಿಎಚ್ ಮತ್ತು ಕಾರ್ಟಿಸಾಲ್ ಎರಡನ್ನೂ ರಕ್ತದಲ್ಲಿ ಅಳೆಯಬಹುದು. ಕಾರ್ಟಿಸಾಲ್ ಬೆಳಗಿನ ಹೊತ್ತು ಹೆಚ್ಚಿರುವುದರಿಂದ ಸಾಮಾನ್ಯವಾಗಿ ಎಂಟು ಗಂಟೆಯ ಸುಮಾರಿಗೆ ರಕ್ತ ತೆಗೆಯುತ್ತಾರೆ. ಎಸಿಟಿಎಚ್ ಬೇಗ ಕೆಡುವುದರಿಂದ ಅದರ ಕೊಳವೆಯನ್ನು ಕೂಡಲೇ ಮಂಜುಗಡ್ಡೆಯಲ್ಲಿ ಇಡುತ್ತಾರೆ.